ನಳ್ಳಿ ನೀರಿನ ಕ್ಲೋರಿನ್ ಘಾಟು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗ್‌ನಲ್ಲಿ ನೀರಿನ ಉಸ್ತುವಾರಿಯನ್ನು ಹತ್ತು ವರ್ಷದಿಂದ ನನ್ನ ತಲೆಗೆ ಕಟ್ಟಿದ್ದಾರೆ. ಸಂಬಳ ಇಲ್ಲ, ಬೈಗುಳ ಧಾರಾಳ. ಬೆಳಗ್ಗೆ ಆರು ಗಂಟೆಗೆ ಫೋನು ಬಂತೆಂದರೆ ವಿಷಯ ಮೂರರಲ್ಲಿ ಒಂದು: ನೀರು ಬಂದಿಲ್ಲ, ನೀರು ಕೆಂಪಗಿದೆ, ನೀರಿಗೆ ಔಷಧಿ ವಾಸನೆ. ಈಚೆಗೆ ಮೂರನೆಯದಕ್ಕೆ ಬಾಲವೊಂದು ಸೇರಿದೆ: ‘ಅಣ್ಣಾ, ಕ್ಲೋರಿನ್ ನೀರು ಕುಡಿದರೆ ಕ್ಯಾನ್ಸರ್ ಬರ್ತದಂತೆ ಹೌದಾ? ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.’

ಆ ಮೆಸೇಜು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವಾಗ ನೀರಿನಲ್ಲಿ ಕರಗಿರುವ ಎಲೆ, ಹುಲ್ಲು, ಪಾಚಿ ಕೊಳೆತ ಅಂಶವನ್ನೂ ಹಿಡಿದುಕೊಳ್ಳುತ್ತದೆ. ಅದರಿಂದ ಕ್ಲೋರೋಫಾರ್ಮ್ ಮತ್ತು ಅದರ ಅಣ್ಣತಮ್ಮಂದಿರು ಹುಟ್ಟುತ್ತಾರೆ. ಒಟ್ಟು ಕುಟುಂಬಕ್ಕೆ ಟ್ರೈಹ್ಯಾಲೋಮೀಥೇನ್ ಎಂದು ಹೆಸರು, ಮುಖ್ಯ ಸದಸ್ಯರು ನಾಲ್ವರು. ಇಲ್ಲಿ ಟಿಎಚ್‌ಎಂ ಎನ್ನುತ್ತೇನೆ. 1974ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಂ ಊರಿನ ನೀರನ್ನು ಪರೀಕ್ಷಿಸುತ್ತಿದ್ದ ಯೋಹಾನಸ್ ರೂಕ್ ಎಂಬ ರಸಾಯನತಜ್ಞರು ಇದನ್ನು ತೋರಿಸಿಕೊಟ್ಟರು. ಅದೇ ವರ್ಷ ಅಮೆರಿಕದವರಿಗೂ ಇದೇ ಕಂಡಿತು. ಹಾಗಾಗಿ ವಿಷಯ ಹಳೆಯದು, ಮೆಸೇಜು ಮಾತ್ರ ಹೊಸದು.

ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ಮೂಗಿಗೆ ಅಡರುವುದು ಕ್ಲೋರಿನ್, ಟಿಎಚ್‌ಎಂ ಅಲ್ಲ. ಕುಡಿಯುವ ನೀರಿನಲ್ಲಿ ಸಿಗುವಷ್ಟು ಪ್ರಮಾಣದಲ್ಲಿ ಟಿಎಚ್‌ಎಂಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ‘ಘಾಟು ಜಾಸ್ತಿ, ಅಂದರೆ ಅಪಾಯ ಜಾಸ್ತಿ’ ಎಂಬ ಲೆಕ್ಕ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಮುಂಬಯಿಯಲ್ಲಂತೂ ಘಾಟು ಇದ್ದಕ್ಕಿದ್ದಂತೆ ಮಾಯವಾದ ದಿನವೇ ನಾನು ಹೆದರುವುದು.

ಬೇಕಾಗುವ ಸಾಮಾನು: ತೊಳೆದ ಎರಡು ಸ್ಟೀಲ್ ಲೋಟ, ಒಂದು ಬಿಳಿ ಗಾಜಿನ ಲೋಟ, ಒಂದು ನೋಟ್‌ಬುಕ್, ಕ್ಲೋರಿನ್ ಅಳೆಯುವ ಚಿಕ್ಕ ಕಿಟ್. ಕಿಟ್ಟಿನಲ್ಲಿ ಎರಡು ಜಾತಿ. ಹಳೆಯದು ಹನಿ ಹಾಕಿದರೆ ಹಳದಿಯಾಗುವ ಓಟಿ ದ್ರಾವಣ. ಹೊಸದು ಗುಲಾಬಿ ಬಣ್ಣ ಬರುವ ಡಿಪಿಡಿ ಗುಳಿಗೆ. ಓಟಿಯಲ್ಲಿರುವ ಆರ್ಥೋಟಾಲಿಡೀನ್ ಮೈಗೆ ಒಳ್ಳೆಯದಲ್ಲ, ಹಾಗಾಗಿ ಡಿಪಿಡಿಯನ್ನೇ ತನ್ನಿ. ಈಜುಕೊಳದ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಯಾವುದೇ ಇರಲಿ, ಪರೀಕ್ಷೆ ಮಾಡಿದ ನೀರನ್ನು ಮೋರಿಗೆ ಚೆಲ್ಲಿ. ಕುಡಿಯುವ ಪಾತ್ರೆಗೆ ತಾಗಿಸಬೇಡಿ.

ಬೆಳಗ್ಗೆ ನೀರು ಬಿಟ್ಟ ಹೊತ್ತಿಗೆ ಮಾತ್ರ ಘಾಟು

ದೂರುಗಳಲ್ಲಿ ಹೆಚ್ಚಿನವು ಈ ಜಾತಿಯವು, ಮತ್ತು ಇವುಗಳಲ್ಲಿ ಹೆಚ್ಚಿನವು ದೋಷವೇ ಅಲ್ಲ. ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಕೆರೆಗಳ ನೀರು ಭಾಂಡುಪ್ ಮತ್ತು ಪಾಂಜರಾಪುರದ ಶುದ್ಧೀಕರಣ ಕೇಂದ್ರಗಳಲ್ಲಿ ಸೋಸಿ, ಕ್ಲೋರಿನ್ ಹಾಕಿಸಿಕೊಂಡು ಹೊರಡುತ್ತದೆ. ಊರ ತುದಿಯ ಮನೆಗೆ ಮುಟ್ಟುವಾಗಲೂ ಒಂದಿಷ್ಟು ಕ್ಲೋರಿನ್ ಉಳಿದಿರಬೇಕು, ಅದೇ ಉದ್ದೇಶ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500, ನಳ್ಳಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಲಿ ಎನ್ನುತ್ತದೆ. ಮೇಲ್ಮಿತಿ 1 ಮಿಲಿಗ್ರಾಂ. ಕೇಂದ್ರಕ್ಕೆ ಹತ್ತಿರ ಇರುವ ನಮ್ಮಂಥವರಿಗೆ ಕ್ಲೋರಿನ್ ಜಾಸ್ತಿ ಸಿಗುವುದು ಸಹಜ. ನೀರು ಪೈಪಿನಲ್ಲಿ ಮುಂದೆ ಹೋದಂತೆ ಅದು ಖರ್ಚಾಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಕೆರೆಗೆ ಕಾಡಿನ ಕೆಸರು ನುಗ್ಗುತ್ತದೆ, ಆಗ ಡೋಸೂ ಏರುತ್ತದೆ.

ಮಾಡಬೇಕಾದದ್ದು ಇಷ್ಟೇ: ಒಂದು ಲೋಟ ಹಿಡಿದು ಅರ್ಧ ಗಂಟೆ ತೆರೆದಿಡಿ, ಮತ್ತೆ ಮೂಸಿ. ಘಾಟು ಇಳಿದಿದ್ದರೆ ಬರೇ ಕ್ಲೋರಿನ್. ಕಿಟ್ಟಿನಲ್ಲಿ 1ರ ಒಳಗೆ ಬಂದರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಕುಡಿಯಲು ಮನಸ್ಸಾಗದಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ಕೆಲವು ಗಂಟೆ ಇಡಿ. ಬಟ್ಟೆ ಮರೆಯಬೇಡಿ, ಡೆಂಗಿ ಸೊಳ್ಳೆಗೆ ಇಷ್ಟು ತಿಳಿ ನೀರು ಬೇರೆಲ್ಲೂ ಸಿಗುವುದಿಲ್ಲ.

ಇಲ್ಲೇ ಇನ್ನೊಂದು ಸೇರಿಸುತ್ತೇನೆ. ಗಾಜಿನ ತೊಟ್ಟಿಯ ಮೀನು ಸತ್ತರೆ ನೀರು ವಿಷವಾಗಿದೆ ಎಂದು ಮಕ್ಕಳು ಅಳುತ್ತವೆ. ಮನುಷ್ಯರಿಗೆ ಇರಲೇಬೇಕಾದ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಅಷ್ಟೇ. ಮೀನಿನ ಅಂಗಡಿಯಲ್ಲಿ ಕೊಡುವ ಥಯೋಸಲ್ಫೇಟ್ ಹನಿ ಹಾಕಿ ನೀರು ಬದಲಿಸಿ. ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದರೆ ಮಾತ್ರ ಇದು ಸಣ್ಣ ವಿಷಯವಲ್ಲ. ಆ ಯಂತ್ರಕ್ಕೆ ಹೋಗುವ ನೀರಿನಲ್ಲಿ ಕ್ಲೋರಿನ್ ಇರಲೇಬಾರದು. ಯಂತ್ರದವರನ್ನು ಕೇಳದೆ ಏನೂ ಮಾಡಬೇಡಿ.

ಇಡೀ ಬಿಲ್ಡಿಂಗ್‌ನಲ್ಲಿ, ಇಡೀ ದಿನ, ಕಣ್ಣು ಉರಿಯುವಷ್ಟು ಘಾಟು

ಇದು ದೂರದ ಕೇಂದ್ರದ ಕೆಲಸವಲ್ಲ, ನಮ್ಮದೇ ಟಾಂಕಿಯದು. ಮೊದಲ ಪ್ರಶ್ನೆ: ನಿನ್ನೆ ಮೊನ್ನೆ ಟಾಂಕಿ ತೊಳೆಸಿದ್ದಾರೆಯೇ?

ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಇದೇ ಆಯಿತು. ತೊಳೆಯಲು ಬಂದ ಹುಡುಗರು ಹೋಗುವಾಗ ‘ಸ್ವಲ್ಪ ಟೀಸಿಎಲ್ ಹಾಕಿದ್ದೇವೆ’ ಅಂದರು. ಟೀಸಿಎಲ್ ಅಂದರೆ ಇಲ್ಲಿಯವರ ಬಾಯಲ್ಲಿ ಬ್ಲೀಚಿಂಗ್ ಪುಡಿ. ಸ್ವಲ್ಪ ಎಂದರೆ ಎಷ್ಟು ಎಂದು ವಾಚ್‌ಮ್ಯಾನನ್ನು ಕೇಳಿದರೆ ಅರ್ಧ ಕಿಲೋ ಪೊಟ್ಟಣ ಖಾಲಿ ತೋರಿಸಿದ. ಲೆಕ್ಕ ಹಾಕೋಣ. ಪುಡಿಯಲ್ಲಿ ಕಾಲು ಭಾಗ ಕ್ಲೋರಿನ್ ಎಂದಿಟ್ಟುಕೊಂಡರೆ 500 ಗ್ರಾಂನಲ್ಲಿ 125 ಗ್ರಾಂ. ನಮ್ಮ ಮೇಲಿನ ಟಾಂಕಿ 20,000 ಲೀಟರು. ಅಂದರೆ ಲೀಟರಿಗೆ 6 ಮಿಲಿಗ್ರಾಂಗೂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಕ್ಲೋರಿನ್‌ಗೆ ಇಟ್ಟಿರುವ ಮೇಲ್ಮಿತಿಯೇ 5. ಬೇಕಾಗಿದ್ದದ್ದು ಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ 80 ಗ್ರಾಂ ಪುಡಿ. ಪುಣ್ಯಕ್ಕೆ ಪುಡಿ ಹಳೆಯದು, ಬಾಯಿ ತೆರೆದಿಟ್ಟು ಅರ್ಧ ಸತ್ವ ಹಾರಿಹೋಗಿತ್ತು. ಕಿಟ್ಟಿನಲ್ಲಿ 3 ತೋರಿಸಿತು.

ಹೀಗಾದರೆ ಕುಡಿಯಲು, ಅಡಿಗೆಗೆ ಟಾಂಕಿಗೆ ಸೇರುವ ಮೊದಲಿನ, ಮೀಟರಿನ ಹತ್ತಿರದ ನಳ್ಳಿಯಿಂದಲೇ ನೀರು ಹಿಡಿಯಲು ಹೇಳಿ; ಟಾಂಕಿಯ ಅರ್ಧ ನೀರು ಬಿಟ್ಟು ಹೊಸ ನೀರು ತುಂಬಿಸಿ, ಮತ್ತೆ ಅಳೆಯಿರಿ. 1ಕ್ಕೆ ಇಳಿಯುವ ತನಕ ಹೀಗೇ.

ಎಚ್ಚರ. ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಬೆರೆಸಿದರೂ ವಿಷದ ಗಾಳಿಯೇ. ‘ಎರಡೂ ಹಾಕಿದರೆ ಚೆನ್ನಾಗಿ ಬೆಳ್ಳಗಾಗ್ತದೆ’ ಎನ್ನುವವರನ್ನು ಟಾಂಕಿಯ ಹತ್ತಿರ ಬಿಡಬೇಡಿ. ಎದೆ ಬಿಗಿಹಿಡಿದು ಕೆಮ್ಮು ಬಂದರೆ ಹೊರಗೆ ಗಾಳಿಗೆ ಬನ್ನಿ, ಏನಾಯಿತೆಂದು ನೋಡಲು ಮತ್ತೆ ಒಳಗೆ ಹೋಗಬೇಡಿ, ಉಸಿರಾಟ ಸರಿಯಾಗದಿದ್ದರೆ ನೇರ ಆಸ್ಪತ್ರೆಗೆ. ಪುಡಿ ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಹರಿಸಿ, ಆಮೇಲೆ ವೈದ್ಯರು. ಇನ್ನೊಂದು, ಮುಚ್ಚಿದ ಟಾಂಕಿಗೆ ಒಬ್ಬನೇ ಮನುಷ್ಯ ಇಳಿಯಲೇಕೂಡದು. ಒಳಗೆ ಉಸಿರಾಡುವ ಗಾಳಿ ಇಲ್ಲದೆ ಒಬ್ಬ ಬಿದ್ದ, ಎತ್ತಲು ಹೋದ ಇನ್ನೊಬ್ಬನೂ ಬಿದ್ದ ಎಂಬ ಸುದ್ದಿ ಈ ಊರಿನಲ್ಲಿ ಹೊಸದಲ್ಲ. ಎರಡೂ ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಪಂಪಿನ ಮೇನ್ ಸ್ವಿಚ್ ಇಳಿಸಿ, ಹೊರಗೆ ಹಗ್ಗ ಹಿಡಿದು ಆಳು ನಿಂತ ಮೇಲೆಯೇ ಇಳಿಸಬೇಕು.

ಘಾಟಿನ ಜೊತೆ ಮೋರಿ ವಾಸನೆ, ಅಥವಾ ಘಾಟು ಪೂರ್ತಿ ಮಾಯ

ಇಲ್ಲಿ ನಿಲ್ಲಿ. ಕುಡಿಯುವುದು ನಿಲ್ಲಿಸಿ. ಉಳಿದದ್ದು ಆಮೇಲೆ.

ಮುಂಬಯಿಯಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪಿನಲ್ಲಿ ಒತ್ತಡ ಇಳಿದಾಗ ಅದು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಗಟಾರದ ಪಕ್ಕದಲ್ಲಿ ಒಂದು ಜೋಡಣೆ ಸಡಿಲವಾಗಿದ್ದರೆ ಸಾಕು. ನೀರು ಬಿಟ್ಟ ಮೊದಲ ಐದು ನಿಮಿಷ ಮಬ್ಬು, ಕಮಟು, ಆಮೇಲೆ ಸ್ವಚ್ಛ ಎಂದರೆ ಇದೇ ಸಂಶಯ. ಕೊಳಚೆಯಲ್ಲಿ ಅಮೋನಿಯಾ ಇರುತ್ತದೆ. ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೀನ್ ಆಗುತ್ತದೆ. ಅದರ ಕೆಲವು ರೂಪಗಳ ಘಾಟು ಬರೀ ಕ್ಲೋರಿನ್‌ಗಿಂತ ಕೆಟ್ಟದು, ಈಜುಕೊಳದ ಕಟ್ಟೆಯ ಮೇಲೆ ಕೂತಾಗ ಮೂಗಿಗೆ ಹೊಡೆಯುವಂಥದ್ದು. ‘ಇವತ್ತು ಕ್ಲೋರಿನ್ ಜಾಸ್ತಿ ಹಾಕಿದ್ದಾರೆ’ ಎಂದು ಜನ ಗೊಣಗುವ ದಿನ ಕೆಲವೊಮ್ಮೆ ನಿಜವಾಗಿ ಸಾಲದೆ ಬಂದಿರುವುದೇ ಕ್ಲೋರಿನ್.

ಈಗ ನಾಲ್ಕು ನಳ್ಳಿಯ ಪರೀಕ್ಷೆ. ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಡಿ. ಬೆಳಗ್ಗೆ ನೀರು ಬಂದಾಗ ನಾಲ್ಕು ಕಡೆ ಕ್ಲೋರಿನ್ ಅಳೆಯಬೇಕು: ಮೀಟರಿನ ಹತ್ತಿರದ ನಳ್ಳಿ, ಕೆಳಗಿನ ಟಾಂಕಿ, ಮೇಲಿನ ಟಾಂಕಿ, ಅಡಿಗೆಮನೆ. ಮೀಟರಿನಲ್ಲೇ ಸೊನ್ನೆ ಬಂದರೆ ದೋಷ ರಸ್ತೆಯ ಲೈನಿನಲ್ಲಿ. ಪಕ್ಕದ ಬಿಲ್ಡಿಂಗ್‌ನಲ್ಲೂ ನೋಡಿ, ಆಮೇಲೆ ಪಾಲಿಕೆಯ 1916ಕ್ಕೆ ಫೋನು ಮಾಡಿ, ದೂರಿನ ನಂಬರ್ ಬರೆದುಕೊಳ್ಳಿ. ಮೀಟರಿನಲ್ಲಿ 0.5, ಕೆಳಗಿನ ಟಾಂಕಿಯಲ್ಲಿ ಸೊನ್ನೆ ಎಂದರೆ ಕೆಳಗಿನ ಟಾಂಕಿಯೇ ಕಳ್ಳ. ಡ್ರೈನೇಜ್ ಚೇಂಬರ್ ಪಕ್ಕದಲ್ಲಿದೆಯೇ, ಮಳೆಯಲ್ಲಿ ಮುಚ್ಚಳದ ಮಟ್ಟಕ್ಕೆ ನೀರು ನಿಲ್ಲುತ್ತದೆಯೇ, ಗೋಡೆಯಲ್ಲಿ ಬಿರುಕು ಕಾಣುತ್ತದೆಯೇ? ಕೆಳಗೆ ಇದ್ದ ಕ್ಲೋರಿನ್ ಮೇಲೆ ಇಲ್ಲವಾದರೆ ಮೇಲಿನ ಟಾಂಕಿಯ ತಳದ ಕೆಸರು. ಮೇಲೆ ಇದ್ದು ಅಡಿಗೆಮನೆಯಲ್ಲಿ ಇಲ್ಲವಾದರೆ ನಿಮ್ಮ ಒಳಗಿನ ಪೈಪು ಅಥವಾ ಫಿಲ್ಟರು.

ನಾನು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಅಡ್ಡ ಸಾಲಿನಲ್ಲಿ ಬರೆಯುತ್ತೇನೆ: 0.6, 0.4, 0.1, 0.1. ಎರಡನೆಯ ಮತ್ತು ಮೂರನೆಯ ಅಂಕೆಯ ನಡುವೆ ಬಿದ್ದ ಹಳ್ಳ ಕಣ್ಣಿಗೇ ಕಾಣುತ್ತದೆ, ವಾದಕ್ಕೆ ಬಂದ ಸೆಕ್ರೆಟರಿಯವರಿಗೂ ಕಾಣುತ್ತದೆ. ಕಳೆದುಹೋದ ಕ್ಲೋರಿನ್ ಗಾಳಿಗೆ ಹೋದದ್ದು ಸ್ವಲ್ಪ, ಕೊಳೆಯನ್ನು ತಿನ್ನುತ್ತಾ ಮುಗಿದದ್ದು ಹೆಚ್ಚು. ತಿಂದ ಕಡೆಯೇ ಟಿಎಚ್‌ಎಂ ಹುಟ್ಟುವುದೂ. ಹಾಗಾಗಿ ಕ್ಯಾನ್ಸರಿಗೆ ಹೆದರಿ ಕ್ಲೋರಿನ್ ಕಡಿಮೆ ಮಾಡಿ ಎನ್ನುವವರಿಗೆ ನನ್ನ ಉತ್ತರ ಒಂದೇ: ಅದರ ಊಟ ಕಡಿಮೆ ಮಾಡಿ. ವರ್ಷಕ್ಕೆ ಎರಡು ಸಲ ಟಾಂಕಿ ತೊಳೆಸಿ, ಮುಚ್ಚಳ ಬಿಗಿ ಮಾಡಿಸಿ, ಮೂರು ದಿನಕ್ಕಾಗುವಷ್ಟು ನೀರು ತುಂಬಿಟ್ಟು ಹಳಸಬೇಡಿ.

ಕಿಟ್ ಇಲ್ಲದವರಿಗೆ: ಎಚ್‌ಟುಎಸ್ ಬಾಟಲಿ ಎಂಬ ಅಗ್ಗದ ಪರೀಕ್ಷೆ ಸಿಗುತ್ತದೆ. ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಕಪ್ಪಾಗುತ್ತದೆ. ಕಪ್ಪಾಯಿತೆಂದರೆ ಕುದಿಸದೆ ಕುಡಿಯಬೇಡಿ. ಆಗದಿದ್ದರೆ ನೆಮ್ಮದಿ, ಆದರೆ ಖಾತರಿ ಎಂದೇನೂ ಅಲ್ಲ.

ಮನೆಯಲ್ಲಿ ಯಾರಿಗಾದರೂ ಭೇದಿ, ವಾಂತಿ, ಜ್ವರ ಶುರುವಾಗಿದ್ದರೆ ನೀರಿನ ತನಿಖೆ ಪಕ್ಕಕ್ಕಿಡಿ, ಓಆರ್‌ಎಸ್ ಕೊಡಿ, ವೈದ್ಯರಲ್ಲಿಗೆ ಹೋಗಿ. ಮಗು, ಮುದುಕರು, ಬಸುರಿ ಹೆಂಗಸು ಇದ್ದರೆ ಸಂಜೆಯ ತನಕವೂ ಕಾಯಬೇಡಿ. ಕೊಳಕು ನೀರು ಎರಡು ದಿನದಲ್ಲಿ ಮಲಗಿಸುತ್ತದೆ. ಟಿಎಚ್‌ಎಂನ ಲೆಕ್ಕ ದಶಕಗಳದ್ದು. ಕ್ರಿಮಿನಾಶ ಮಾಡದೆ ಬಿಡುವ ಅಪಾಯದ ಮುಂದೆ ಉಪಉತ್ಪನ್ನಗಳ ಅಪಾಯ ತೀರಾ ಸಣ್ಣದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಚಹಾದಲ್ಲಿ, ಕಾಫಿಯಲ್ಲಿ ಆಸ್ಪತ್ರೆ ವಾಸನೆ. ಬರೀ ನೀರಿನಲ್ಲಿ ಅಷ್ಟಿಲ್ಲ

ಮೂರನೇ ಮಹಡಿಯ ಕುಂದಾಪುರದ ಅಕ್ಕ ಒಂದು ಬೆಳಗ್ಗೆ ಕೆಳಗಿಳಿದು ಬಂದು ಸ್ಟೀಲ್ ಲೋಟ ನನ್ನ ಮೂಗಿಗೆ ಹಿಡಿದರು. ‘ಕುಡ್ದ್ ಕಾಣಿ. ಡೆಟ್ಟಾಲ್ ಹಾಕ್ದಂಗಿತ್ತ್.’ ಹೌದು, ಹಾಗೇ ಇತ್ತು. ಅವರ ಎದುರು ಮನೆಯ ಚಹಾ ಚೆನ್ನಾಗಿತ್ತು. ಎರಡೂ ಮನೆಗೆ ಒಂದೇ ಟಾಂಕಿ.

ಮನೆ ಮನೆಗೆ ವ್ಯತ್ಯಾಸ ಇದ್ದರೆ ಟಾಂಕಿಯನ್ನು ಬಿಟ್ಟುಬಿಡಿ, ಮನೆಯೊಳಗೆ ಹುಡುಕಿ. ಅಕ್ಕನ ಅಡಿಗೆಮನೆಯಲ್ಲಿ ನಳ್ಳಿಯಿಂದ ಡ್ರಮ್ಮಿಗೆ ಹೊಸ ಹಸಿರು ಪೈಪು ಹಾಕಿದ್ದರು, ಗಿಡಕ್ಕೆ ನೀರು ಬಿಡುವಂಥದ್ದು. ಬೆಳಗ್ಗೆ ಬಿಸಿಲು ಬಿದ್ದು ಮೆತ್ತಗಾಗಿತ್ತು. ಒಂದು ಲೋಟ ನೇರ ನಳ್ಳಿಯಿಂದ, ಇನ್ನೊಂದು ಆ ಪೈಪಿನ ತುದಿಯಿಂದ ಹಿಡಿದೆವು, ಎರಡನ್ನೂ ಒಂದು ಕುದಿ ಬರಿಸಿ ಮೂಸಿದೆವು. ಎರಡನೆಯದನ್ನು ಅಕ್ಕ ಸಿಂಕಿಗೆ ಚೆಲ್ಲಿ ಪೈಪನ್ನು ಅಲ್ಲೇ ಕಿತ್ತು ಹಾಕಿದರು.

ಆಗುವುದೇನೆಂದರೆ ಕೆಲವು ರಬ್ಬರು, ಪ್ಲಾಸ್ಟಿಕ್‌ಗಳಿಂದ ಫೀನಾಲ್ ಜಾತಿಯ ರಾಸಾಯನಿಕ ಒಂದೊಂದೇ ಕಣವಾಗಿ ನೀರಿಗೆ ಬಿಡುತ್ತದೆ. ಕ್ಲೋರಿನ್ ಅದಕ್ಕೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಇದೂ ಕ್ಲೋರಿನ್‌ನ ಉಪಉತ್ಪನ್ನವೇ, ಆದರೆ ಹುಟ್ಟಿದ್ದು ಕೆರೆಯಲ್ಲಲ್ಲ, ಅಡಿಗೆಕಟ್ಟೆಯ ಮೇಲೆ. ನಳ್ಳಿಯ ವಾಷರ್, ಕೆಟಲ್‌ನ ಮುಚ್ಚಳದ ರಬ್ಬರ್, ಹೊಸ ಪ್ಲಾಸ್ಟಿಕ್ ಡ್ರಮ್, ಫಿಲ್ಟರಿನ ಟ್ಯೂಬ್ ಇವುಗಳನ್ನು ಒಂದೊಂದೇ ಬಿಡಿಸಿ ನೋಡಿ. ಆಹಾರಕ್ಕೆ ಯೋಗ್ಯ ಎಂದು ಬರೆದ ಪೈಪಿಗೆ ಬೆಲೆ ಸ್ವಲ್ಪ ಜಾಸ್ತಿ, ಅಷ್ಟೇ.

ಮಣ್ಣಿನ ವಾಸನೆ, ಹಾಲಿನಂಥ ನೀರು, ಕಪ್ಪು ಚೂರು

ಮಣ್ಣಿನ, ಮುಗ್ಗಲು ವಾಸನೆ ಕೆರೆಯ ಪಾಚಿಯಿಂದ ಬರುವ ಜಿಯಾಸ್ಮಿನ್‌ದು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವುದೂ ಅದೇ. ಮೂಗಿಗೆ ಕಿರಿಕಿರಿ, ಮೈಗೆ ತೊಂದರೆಯಿಲ್ಲ. ಹಾಲಿನಂಥ ಬಿಳುಪು ಲೋಟದ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಬರೇ ಗಾಳಿ. ಮೇಲಿನಿಂದ ಕೆಳಕ್ಕೆ ತಿಳಿಯಾಗಿ ತಳದಲ್ಲಿ ಗಸಿ ನಿಂತರೆ ಕೆಸರು. ಬೆರಳಿಗೆ ಮಸಿಯಂತೆ ಅಂಟುವ ಕಪ್ಪು ಚೂರು ಸವೆದ ವಾಷರಿನದು. ಪ್ಲಂಬರನ್ನು ಕರೆಯಿರಿ.

ಟ್ಯಾಂಕರ್ ನೀರು ಬಂದ ದಿನ ಉಪ್ಪುಪ್ಪು, ಜೊತೆಗೆ ಘಾಟು

ಬೇಸಿಗೆಯಲ್ಲಿ ನೀರು ಕಡಿತ ಶುರುವಾದರೆ ಟ್ಯಾಂಕರ್ ತಪ್ಪುವುದಿಲ್ಲ. ಕೆರೆ ನೀರನ್ನು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಮೀಟರಿನಲ್ಲಿ ಅಳೆದರೆ ನನಗೆ ಸಿಗುವುದು ನೂರರ ಆಸುಪಾಸು. ಟ್ಯಾಂಕರಿನದು 500 ದಾಟಿ ಉಪ್ಪು ಹತ್ತಿದರೆ ಅದು ಬಾವಿಯದೋ ಬೋರಿನದೋ ಇರಬೇಕು. ಸಮುದ್ರದ ಬದಿಯ ಊರಲ್ಲಿ ಅಂಥ ನೀರಿಗೆ ಉಪ್ಪುನೀರು ಸೇರಿರುತ್ತದೆ, ಉಪ್ಪಿನ ಜೊತೆ ಬ್ರೋಮೈಡ್ ಕೂಡ. ಕ್ಲೋರಿನ್ ಬ್ರೋಮೈಡನ್ನು ಕೆಣಕಿದರೆ ಬ್ರೋಮಿನ್ ಇರುವ ಟಿಎಚ್‌ಎಂ ಹುಟ್ಟುತ್ತದೆ. ಕುಟುಂಬದಲ್ಲಿ ಹೆಚ್ಚು ಸಂಶಯದ ಸದಸ್ಯರು ಇವರೇ: ಬ್ರೋಮೋಡೈಕ್ಲೋರೋಮೀಥೇನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 60 ಮೈಕ್ರೋಗ್ರಾಂ, ಕ್ಲೋರೋಫಾರ್ಮ್‌ಗೆ 300. ಟ್ಯಾಂಕರಿಗೆ ಕಣ್ಣಳತೆಯಲ್ಲಿ ಟೀಸಿಎಲ್ ಸುರಿಯುವವರೂ ಇದ್ದಾರೆ.

ನಮ್ಮಲ್ಲಿ ಮಾಡಿಕೊಂಡ ನಿಯಮ: ಟ್ಯಾಂಕರ್ ನೀರು ಫ್ಲಶ್ಶಿಗೆ, ಬಟ್ಟೆಗೆ, ನೆಲಕ್ಕೆ. ಕುಡಿಯುವ ಟಾಂಕಿಗೆ ಬೆರೆಸುವುದಿಲ್ಲ. ಇದಕ್ಕಾಗಿ ಜಗಳವಾದದ್ದುಂಟು.

ಬಿಸಿ ನೀರಿನ ಸ್ನಾನಕ್ಕೆ ಹೋದರೆ ಘಾಟು, ಕಣ್ಣುರಿ

ನೀರು ಕಾದಾಗ ಕ್ಲೋರಿನ್ ಹೊರಗೆ ಹಾರುತ್ತದೆ, ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದು ನಿಲ್ಲುತ್ತದೆ. ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಗೇ, ಹಾಗಾಗಿ ಅದೂ ಹಬೆಯ ಜೊತೆ ಏಳುತ್ತದೆ. ಟಿಎಚ್‌ಎಂ ಮೈಗೆ ಸೇರುವುದು ಕುಡಿದು ಮಾತ್ರವಲ್ಲ, ಉಸಿರಿನಿಂದ ಮತ್ತು ಚರ್ಮದಿಂದ ಕೂಡ. ಇಪ್ಪತ್ತು ನಿಮಿಷ ಶವರಿನ ಕೆಳಗೆ ನಿಲ್ಲುವವರಿಗೆ ಇದು ಗೊತ್ತಿರಲಿ. ಪರಿಹಾರಕ್ಕೆ ದುಡ್ಡು ಬೇಡ. ಕಿಟಕಿ ತೆರೆಯಿರಿ, ಎಗ್ಸಾಸ್ಟ್ ಫ್ಯಾನ್ ಹಾಕಿ, ಬಕೆಟ್ಟಿನಲ್ಲಿ ಉಗುರುಬೆಚ್ಚಗೆ ಬೆರೆಸಿ ಬೇಗ ಮುಗಿಸಿ. ಗೀಜರಿನ ನೀರನ್ನು ಅಡಿಗೆಗೆ ಹಿಡಿಯಬೇಡಿ. ಮೈ ಕೆರೆತ, ದದ್ದು ವಾರಗಟ್ಟಲೆ ಇದ್ದರೆ ನೀರನ್ನೇ ದೂರುತ್ತಾ ಕೂರದೆ ಚರ್ಮದ ವೈದ್ಯರನ್ನು ಕಾಣಿ; ಸೋಪೋ ಹುಳುಕಡ್ಡಿಯೋ ಇರುವುದೇ ಹೆಚ್ಚು.

ಯಾವ ಲಕ್ಷಣವೂ ಇಲ್ಲ, ಆದರೆ ಮನಸ್ಸಿಗೆ ಸಮಾಧಾನವಿಲ್ಲ

ನಿಜವಾದ ಟಿಎಚ್‌ಎಂ ಪ್ರಶ್ನೆ ಇದೊಂದೇ. ಅಪಾಯ ಎಷ್ಟು? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಲೋರೋಫಾರ್ಮನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ 2ಬಿ ಗುಂಪಿನಲ್ಲಿ ಇಟ್ಟಿದೆ. ಕ್ಲೋರಿನ್ ಹಾಕಿದ ಕುಡಿಯುವ ನೀರನ್ನು ಅದೇ ಸಂಸ್ಥೆ ‘ಹೇಳಲಾಗದು’ ಎಂಬ 3ನೇ ಗುಂಪಿನಲ್ಲಿ ಇಟ್ಟಿದೆ. ದಶಕಗಟ್ಟಲೆ ಟಿಎಚ್‌ಎಂ ಹೆಚ್ಚಿರುವ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬಸುರಿನ ಮೇಲಿನ ಪರಿಣಾಮದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹೆದರಿ ನಳ್ಳಿ ಮುಚ್ಚುವ ವಿಷಯವಲ್ಲ, ಅಗ್ಗದಲ್ಲಿ ಕಡಿಮೆ ಮಾಡಲು ಆಗುವುದಾದರೆ ಮಾಡಿಕೊಳ್ಳಬಹುದಾದ ವಿಷಯ.

ಎಲ್ಲಕ್ಕಿಂತ ಅಗ್ಗದ್ದು ಕುದಿಸುವುದು. ಮುಚ್ಚಳ ತೆಗೆದು, ಗುಳ್ಳೆ ಎದ್ದು ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಯಲು ಬಿಟ್ಟರೆ ಟಿಎಚ್‌ಎಂ ಬಹುಪಾಲು ಹಾರಿಹೋಗುತ್ತದೆ, ರೋಗಾಣುಗಳೂ ಸಾಯುತ್ತವೆ. ಅಡಿಗೆಮನೆಯ ಕಿಟಕಿ ತೆರೆದಿರಲಿ. ಹ್ಯಾಲೋಅಸಿಟಿಕ್ ಆಮ್ಲಗಳು ಎಂಬ ಇನ್ನೊಂದು ಉಪಉತ್ಪನ್ನದ ಗುಂಪು ಮಾತ್ರ ಹಾರುವುದಿಲ್ಲ, ಹಾಗಾಗಿ ಅರ್ಧಕ್ಕೆ ಇಳಿಯುವಷ್ಟು ಕುದಿಸಿ ಗಟ್ಟಿ ಮಾಡಬೇಡಿ. ಕುದಿಸಿದ ನೀರಿನಲ್ಲಿ ಕಾವಲಿಗೆ ಕ್ಲೋರಿನ್ ಇರುವುದಿಲ್ಲ. ಕೈ ಅದ್ದದೆ, ಮುಚ್ಚಿಟ್ಟು ಒಂದು ದಿನದಲ್ಲಿ ಖರ್ಚು ಮಾಡಿ.

ಆಮೇಲೆ ಕಾರ್ಬನ್ ಫಿಲ್ಟರ್. ಇಲ್ಲಿ ಒಂದು ಮೋಸ ಅಡಗಿದೆ, ಮಾರುವವರು ಹೇಳುವುದಿಲ್ಲ. ಕಾರ್ಬನ್ ಕ್ಲೋರಿನ್‌ಅನ್ನು ಬಹಳ ಕಾಲ ಹಿಡಿಯುತ್ತದೆ, ಟಿಎಚ್‌ಎಂ ಹಿಡಿಯುವ ಶಕ್ತಿ ಅದಕ್ಕಿಂತ ಬಹಳ ಬೇಗ ಮುಗಿಯುತ್ತದೆ. ಫಿಲ್ಟರಿನ ನೀರಿನಲ್ಲಿ ಕ್ಲೋರಿನ್ ಸೊನ್ನೆ ಬಂತೆಂದು ಟಿಎಚ್‌ಎಂ ಕೂಡ ಹೋಗಿದೆ ಎನ್ನಲಾಗದು. ಕ್ಲೋರಿನ್ ಕಾಣಿಸತೊಡಗಿದರಂತೂ ಕಾರ್ಟ್ರಿಜ್ ಯಾವತ್ತೋ ಸತ್ತಿದೆ. ಪೆಟ್ಟಿಗೆಯ ಮೇಲೆ ಬರೆದ ತಿಂಗಳಿಗೆ ಮೊದಲೇ ಬದಲಿಸಿ. ಯುವಿ ದೀಪ ಮಾತ್ರ ಇರುವ ಯಂತ್ರ ರೋಗಾಣುವಿಗೆ ಸರಿ, ಟಿಎಚ್‌ಎಂ ಅನ್ನು ಮುಟ್ಟುವುದೂ ಇಲ್ಲ. ಆರ್‌ಓ? ಟಿಡಿಎಸ್ 100ರ ನೀರಿಗೆ ಆರ್‌ಓ ಹಾಕಿ ಎರಡು ಪಾಲು ನೀರು ಮೋರಿಗೆ ಬಿಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಓ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಕೊನೆಯದು, ದುಬಾರಿಯದು: ಲ್ಯಾಬ್ ಪರೀಕ್ಷೆ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ‘ಟಿಎಚ್‌ಎಂ ನಾಲ್ಕೂ ಬೇರೆ ಬೇರೆ ಬೇಕು’ ಎಂದು ಕೇಳಿ. ಸಾಮಾನ್ಯ ‘ನೀರಿನ ಟೆಸ್ಟ್’ ಪ್ಯಾಕೇಜಿನಲ್ಲಿ ಇದು ಇರುವುದಿಲ್ಲ. ಬಿಸ್ಲೇರಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಬೇಡಿ, ಹೋಗುವ ದಾರಿಯಲ್ಲೇ ಟಿಎಚ್‌ಎಂ ಹಾರಿರುತ್ತದೆ. ಅವರೇ ಬೆರಳುದ್ದದ ಕಂದು ಗಾಜಿನ ಸೀಸೆ ಕೊಡುತ್ತಾರೆ, ಒಳಗೆ ಕ್ಲೋರಿನ್ ಕೊಲ್ಲುವ ಪುಡಿ ಚಿಟಿಕೆಯಷ್ಟು ಇರುತ್ತದೆ. ಅದನ್ನು ತೊಳೆದುಬಿಡಬೇಡಿ. ನಳ್ಳಿಯನ್ನು ಸಣ್ಣಗೆ ಬಿಟ್ಟು, ನೀರು ಸೀಸೆಯ ಬಾಯಲ್ಲಿ ಉಬ್ಬಿ ನಿಲ್ಲುವ ತನಕ ತುಂಬಿ, ಮುಚ್ಚಳ ಹಾಕಿ ತಲೆಕೆಳಗು ಮಾಡಿ ನೋಡಿ. ಒಂದು ಗುಳ್ಳೆ ಕಂಡರೂ ಒಳಗೆ ಗಾಳಿ ಉಳಿದಿದೆ ಎಂದರ್ಥ. ಮುಚ್ಚಳ ತೆಗೆದು ಇನ್ನೆರಡು ಹನಿ ಸೇರಿಸಿ ಮತ್ತೆ ಮುಚ್ಚಿ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಎರಡು ಸೀಸೆ ಇರಲಿ: ಮೀಟರಿನದು ಒಂದು, ಅಡಿಗೆಮನೆಯದು ಒಂದು. ಒಂದೇ ಸಲ ಮಾಡಿಸುವುದಾದರೆ ಮಳೆಗಾಲದಲ್ಲಿ ಮಾಡಿಸಿ, ಕೆರೆಗೆ ಕೊಳೆ ಬರುವುದು ಆಗಲೇ.

ರಿಪೋರ್ಟು ಬಂದಾಗ ಮೊದಲು ನೋಡಬೇಕಾದದ್ದು ಅಂಕೆಯಲ್ಲ, ಅದರ ಪಕ್ಕದ ಅಳತೆ. 0.06 ಮಿಲಿಗ್ರಾಂ ಮತ್ತು 60 ಮೈಕ್ರೋಗ್ರಾಂ ಒಂದೇ. ಇದು ತಿಳಿಯದೆ ಗ್ರೂಪಿನಲ್ಲಿ ಒಂದು ರಾತ್ರಿ ಪೂರ್ತಿ ಗಲಾಟೆಯಾಗಿತ್ತು. ಐಎಸ್ 10500ರ ಮಿತಿ ಕ್ಲೋರೋಫಾರ್ಮ್‌ಗೆ 0.2 ಮಿಲಿಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್‌ಗೆ 0.06, ಉಳಿದೆರಡಕ್ಕೆ 0.1. ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಲೆಕ್ಕ ಹೇಳುತ್ತದೆ: ನಾಲ್ಕನ್ನೂ ಅವುಗಳ ಮಿತಿಯಿಂದ ಭಾಗಿಸಿ ಕೂಡಿಸಿದರೆ 1 ದಾಟಬಾರದು. ಉದಾಹರಣೆಗೆ ಕ್ಲೋರೋಫಾರ್ಮ್ 60 ಮೈಕ್ರೋಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್ 15, ಡೈಬ್ರೋಮೋಕ್ಲೋರೋಮೀಥೇನ್ 5, ಬ್ರೋಮೋಫಾರ್ಮ್ ಇಲ್ಲ ಎಂದುಕೊಳ್ಳಿ. 300ರಲ್ಲಿ 60 ಅಂದರೆ 0.2, 60ರಲ್ಲಿ 15 ಅಂದರೆ 0.25, 100ರಲ್ಲಿ 5 ಅಂದರೆ 0.05, ಒಟ್ಟು 0.5. ಅರ್ಧದಷ್ಟೇ ಆಯಿತು. ಅಮೆರಿಕದವರು ನಾಲ್ಕರ ಮೊತ್ತಕ್ಕೆ ವರ್ಷದ ಸರಾಸರಿ 80 ಮೈಕ್ರೋಗ್ರಾಂ ಎಂದು ಗೆರೆ ಎಳೆದಿದ್ದಾರೆ, ಆ ಗೆರೆಯ ಮೇಲೆ ಈ ನೀರು ಸರಿಯಾಗಿ ನಿಂತಿದೆ.

ಮೀಟರಿನಲ್ಲಿ ಕಡಿಮೆ, ಅಡಿಗೆಮನೆಯಲ್ಲಿ ಬಹಳ ಜಾಸ್ತಿ ಎಂದು ಬಂದರೆ ಟಾಂಕಿ ತೊಳೆಸಿ ಮತ್ತೆ ಕಳಿಸಿ. ಮೀಟರಿನಲ್ಲೇ ಮಿತಿ ದಾಟಿದ್ದರೆ ಇನ್ನೊಮ್ಮೆ ಮಾಡಿಸಿ, ಎರಡೂ ರಿಪೋರ್ಟಿನ ಪ್ರತಿ ಇಟ್ಟು ವಾರ್ಡ್ ಕಚೇರಿಯ ನೀರಿನ ವಿಭಾಗಕ್ಕೆ ಬರಹದಲ್ಲಿ ಕೊಡಿ, ಇನ್‌ವರ್ಡ್ ಮುದ್ರೆ ಒತ್ತಿದ ನಕಲು ಮರೆಯದೆ ತೆಗೆದುಕೊಳ್ಳಿ. ಉತ್ತರ ಬರುವ ತನಕ ಒಲೆಯ ಮೇಲೆ, ಮುಚ್ಚಳ ತೆಗೆದು, ಒಂದು ನಿಮಿಷ.